ಗೋಡೆಗಿಂತ ಮೊದಲು ಕಿಟಕಿ

ಜಗಳೂರು ಸೀಮೆಯ ಬಿಳಿಚೋಡಿನಂತಹ ಊರುಗಳಲ್ಲಿ ಮಣ್ಣುಗೋಡೆಯ ಮನೆ ತಪ್ಪನ್ನು ಮನ್ನಿಸುತ್ತಿತ್ತು. ಗಾಳಿ ಸಾಲದಿದ್ದರೆ ಮತ್ತೊಂದು ಕಿಂಡಿ ಕೊರೆಯಬಹುದಿತ್ತು. ಹುಳು ತಿಂದ ಚೌಕಟ್ಟನ್ನು ಕಿತ್ತು ಬೇವಿನದೊಂದನ್ನು ಕೂರಿಸಬಹುದಿತ್ತು. ಅಚ್ಚಿನೊಳಗೆ ಕಾಂಕ್ರೀಟು ಸುರಿದು ಎಬ್ಬಿಸುವ ಗೋಡೆಗೆ ಈ ಔದಾರ್ಯವಿಲ್ಲ. ಕಂಬಿ ಹುದುಗಿದ ಆ ಗೋಡೆಯೇ ಮನೆಯ ಭಾರ ಹೊರುವುದರಿಂದ, ಆಮೇಲೆ ಒಡೆದರೆ ಮನೆಯೇ ದುರ್ಬಲವಾದೀತು.

2021ರ ಜನವರಿ 1ರಂದು ಶಂಕುಸ್ಥಾಪನೆಯಾದ ಕೇಂದ್ರದ ಲೈಟ್ ಹೌಸ್ ಯೋಜನೆಯು ರಾಜಕೋಟ್‌ನಲ್ಲಿ ಇಂತಹ ಎರಕದ ಮನೆಗಳನ್ನೇ ಆರಿಸಿಕೊಂಡಿತು. ನಗರದ ಈ ವಿಧಾನ ನಾಳೆ ಹಳ್ಳಿಗೂ ಬರಬಹುದು. ಬಂದರೆ, ಕಾಂಕ್ರೀಟು ಬೀಳುವ ಮೊದಲೇ ಕಿಟಕಿಯ ಜಾಗ ನಿಶ್ಚಯವಾಗಬೇಕು. ಹಸಿ ಕಾಂಕ್ರೀಟಿನ ಒತ್ತಡಕ್ಕೆ ಚೌಕಟ್ಟು ಸೊಟ್ಟಗಾಗದಂತೆ ಒಳಗಿನಿಂದ ಆನಿಕೆ ಕೊಡಬೇಕು. ಬಣ್ಣ ಕಾಣದ ಮರ ನೀರು ಹೀರಿ ಉಬ್ಬಿ, ಒಣಗಿದಾಗ ಕುಗ್ಗಿ ಸಂದು ಬಿಡುತ್ತದೆ. ಬಿರುಕು ಹುಟ್ಟುವುದು ಕಿಟಕಿಯ ಮೂಲೆಗಳಲ್ಲಿ. ಅಲ್ಲಿ ಓರೆಯಾಗಿ ಕಂಬಿ ಇಡಬೇಕು.

ಇದು ಕೇವಲ ಗಾರೆಯವರ ಲೆಕ್ಕವಲ್ಲ. ತೆಳು ಕಾಂಕ್ರೀಟು ಬಿಸಿಲ ಕಾವನ್ನು ಬೇಗ ಒಳಗೆ ಬಿಡುತ್ತದೆ. ಎದುರುಬದುರು ಕಿಟಕಿ, ಮೇಲೊಂದು ಸಜ್ಜಾ ಇಲ್ಲದಿದ್ದರೆ ಬರದ ನಾಡಿನ ಬಡವನಿಗೆ ದೊರೆಯುವುದು ಮನೆಯಲ್ಲ, ಒಲೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ತೋರಿಸಿದ, ಅದುಮಿದ ಮಣ್ಣಿನ ಇಟ್ಟಿಗೆಯ ದಾರಿ ಇಂದಿಗೂ ತೆರೆದಿದೆ. ಎರಕದ ಗೋಡೆಯೇ ಅನಿವಾರ್ಯವಾದರೆ, ನಕಾಶೆಯನ್ನು ಮೊದಲು ಗ್ರಾಮಸಭೆಯ ಮುಂದೆ ಹರಡಲಿ. ‘ಗಾಳಿ ಎತ್ತಣಿಂದ ಬರುತ್ತದೆ?’ ಎಂದು ಕೇಳುವ ಹಕ್ಕು ಆ ಮನೆಯಲ್ಲಿ ಮಲಗುವವರದು.