ಎಣ್ಣೆಯ ಮೇಲೇಕೆ ಎಲ್ಲ ಅಪವಾದ?

ತಂಗಿಯ ಮಗಳು ಮನೆಯಲ್ಲೇ ಮಲ್ಲಿಗೆ ಪರಿಮಳದ ಕ್ಯಾಂಡಲ್ ಮಾಡುತ್ತಾಳೆ. ಸೋಯಾ ಮೇಣ ಕರಗಿಸಿ, ಪರಿಮಳದ ಎಣ್ಣೆ ಬೆರೆಸಿ, ಗಾಜಿನ ಲೋಟಕ್ಕೆ ಹುಯ್ದು, ಎರಡು ವಾರ ಮುಟ್ಟದೆ ಇಟ್ಟು ಆಮೇಲೆ ಹಚ್ಚುತ್ತಾಳೆ. ಮೊನ್ನೆ ಬಂದವಳ ಮುಖ ಸಪ್ಪಗಿತ್ತು. "ದೊಡ್ಡಮ್ಮ, ಭಾನುವಾರ ಹಚ್ಚಿದಾಗ ಘಮ್ ಅಂತಿತ್ತು. ಸೋಮವಾರ ಅದೇ ಕ್ಯಾಂಡಲ್, ಏನೂ ಇಲ್ಲ. ಎಣ್ಣೆ ಕಮ್ಮಿ ಬಿದ್ದಿದೆ. ಮುಂದಿನ ಸಲ ಒಂದೂವರೆ ಪಟ್ಟು ಹಾಕ್ತೀನಿ" ಅಂದಳು.

ಸಾರು ಸಪ್ಪೆಯಾದರೆ ಉಪ್ಪು ಹಾಕುವ ಜನ ನಾವು. ಹಾಗಾಗಿ ಈ ಮಾತು ಯಾರಿಗೂ ಸರಿಯೆನಿಸುತ್ತದೆ. ಆದರೂ ನನ್ನದೊಂದು ಸಣ್ಣ ತಕರಾರಿದೆ. ಎಣ್ಣೆ ನಿಜಕ್ಕೂ ಕಮ್ಮಿ ಬಿದ್ದಿದ್ದರೆ ಭಾನುವಾರವೂ ಕಮ್ಮಿಯೇ ಇರಬೇಕಿತ್ತಲ್ಲ? ಬೆರೆಸುವಾಗ ಆದ ತಪ್ಪು ವಾರ ನೋಡಿಕೊಂಡು ಬರುವುದಿಲ್ಲ.

ಎರಡು ದಿನದ ನಡುವೆ ಬದಲಾದದ್ದೇನು ಎಂದು ಕೇಳಿದೆ. ಭಾನುವಾರ ಮಧ್ಯಾಹ್ನ ತನ್ನ ಕೋಣೆಯಲ್ಲಿ ಬಾಗಿಲು ಮುಚ್ಚಿ ಮೂರೂವರೆ ಗಂಟೆ ಉರಿಸಿದ್ದಳು. ಸೋಮವಾರ ರಾತ್ರಿ ಊಟವಾದ ಮೇಲೆ ಹಾಲ್‌ನಲ್ಲಿ, ಫ್ಯಾನ್ ಹಾಕಿಕೊಂಡು, ಮುಕ್ಕಾಲು ಗಂಟೆ. ಅವಳ ಲೆಕ್ಕದಲ್ಲಿ ಎರಡೂ 'ಒಂದು ಸಲ ಹಚ್ಚಿದ್ದು'. ನಮ್ಮ ತಪ್ಪು ಇರುವುದು ಈ ಎಣಿಕೆಯಲ್ಲೇ ಎಂದು ನನ್ನ ಅನುಮಾನ.

ನಾವು ಊದುಬತ್ತಿಯ ಅಭ್ಯಾಸದವರು. ಊದುಬತ್ತಿ ಹಚ್ಚಿದ ಮರುಕ್ಷಣ ಕೈ ಬೀಸಿ ಉರಿಯನ್ನು ಆರಿಸುತ್ತೇವೆ. ಉರಿ ಉಳಿದರೆ ಪರಿಮಳವೂ ಅದರಲ್ಲಿ ಸುಟ್ಟುಹೋಗುತ್ತದೆ. ಕೆಂಡದ ಕಾವಿಗೆ ಪಕ್ಕದ ಹಿಟ್ಟು ಬಿಸಿಯಾಗಿ ಗಂಧ ಬಿಡುತ್ತದೆ. ಕ್ಯಾಂಡಲ್‌ನಲ್ಲಿ ಉರಿಯನ್ನು ಆರಿಸುವಂತಿಲ್ಲ. ಮೈಕೆಲ್ ಫ್ಯಾರಡೆ 1860ರ ಚಳಿಗಾಲದಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮಕ್ಕಳಿಗೆ ತೋರಿಸಿಕೊಟ್ಟಂತೆ, ಬತ್ತಿಯ ತುದಿಯಲ್ಲಿ ಉರಿಯುವುದು ಮೇಣದ ಆವಿ. ಬತ್ತಿಯೊಳಗೆ ಏರಿದ ಪರಿಮಳವೂ ಬಹುಪಾಲು ಅಲ್ಲೇ ಉರಿಯುತ್ತದೆ. ನಮ್ಮ ಮೂಗಿಗೆ ಬರುವುದು ಬತ್ತಿಯ ಸುತ್ತ ಕರಗಿ ನಿಂತ ಮೇಣದ ಕೊಳದಿಂದ ಆವಿಯಾದ ಪಾಲು.

ಹಾಗಿದ್ದರೆ ಕೊಳದ ಅಗಲವೇ ಮುಖ್ಯ. ಅವಳ ಲೋಟದ ಒಳಗಲ 7 ಸೆಂ.ಮೀ. ಅಂಚಿನವರೆಗೂ ಕರಗಿದರೆ ಮೇಲ್ಮೈ ಸುಮಾರು 38 ಚದರ ಸೆಂ.ಮೀ. ಮುಕ್ಕಾಲು ಗಂಟೆಯಲ್ಲಿ 4 ಸೆಂ.ಮೀ. ಅಗಲ ಮಾತ್ರ ಕರಗಿತೆನ್ನಿ: ಮೇಲ್ಮೈ ಬರೀ 12 ಚಿಲ್ಲರೆ, ಅಂದರೆ ಮೂರನೇ ಒಂದು ಪಾಲು. ಎಣ್ಣೆ ಅಷ್ಟೇ, ಪರಿಮಳದ ಬಾಗಿಲು ಮಾತ್ರ ಚಿಕ್ಕದು.

ಇನ್ನೊಂದು ಸೂಕ್ಷ್ಮವಿದೆ. ಊದುಬತ್ತಿಯ ಪ್ರತಿ ಇಂಚೂ ಒಂದೇ ಸಲ ಸುಡುತ್ತದೆ. ಕ್ಯಾಂಡಲ್‌ನ ಮೇಲ್ಪದರ ಹಾಗಲ್ಲ. ಕರಗಿ, ಗಟ್ಟಿಯಾಗಿ, ಮರುದಿನ ಮತ್ತೆ ಕರಗುತ್ತದೆ. ಭಾನುವಾರ ಮೂರೂವರೆ ಗಂಟೆ ಪರಿಮಳ ಬಿಟ್ಟ ಮೇಣವೇ ಸೋಮವಾರ ಮೊದಲು ಕರಗಿದ್ದು. ಮುಕ್ಕಾಲು ಗಂಟೆಯ ಕಾವು ಕೆಳಗಿನ ಹೊಸ ಪದರಕ್ಕೆ ಇಳಿಯಲೇ ಇಲ್ಲ. ಅದೇ ಕಾಫಿಪುಡಿಗೆ ಮತ್ತೊಮ್ಮೆ ಬಿಸಿನೀರು ಹುಯ್ದು ಇಳಿಸಿದ ಡಿಕಾಕ್ಷನ್ ಅದು. ಎರಡನೇ ಡಿಕಾಕ್ಷನ್ ತೆಳುವಾಯಿತೆಂದು ಪುಡಿ ಮಾರಿದವನ ಜತೆ ಯಾರಾದರೂ ಜಗಳಕ್ಕೆ ಹೋಗುತ್ತಾರೆಯೇ?

"ಆದರೂ ಸ್ವಲ್ಪ ಜಾಸ್ತಿ ಹಾಕಿದ್ರೆ ನಷ್ಟ ಏನು?" ಅವಳ ಪ್ರಶ್ನೆ ನ್ಯಾಯವಾದದ್ದೇ. ಮನೆಯಲ್ಲಿ ಕ್ಯಾಂಡಲ್ ಮಾಡುವವರು ಸಾಮಾನ್ಯವಾಗಿ ಮೇಣದ ತೂಕದ ಶೇ. 6ರಿಂದ 10ರಷ್ಟು ಎಣ್ಣೆ ಹಾಕುತ್ತಾರೆ. ಮೇಣ ಹಿಡಿದಿಟ್ಟುಕೊಳ್ಳುವ ಮಿತಿ ಮೀರಿದರೆ ಎಣ್ಣೆ ಬೆವರಿನಂತೆ ಮೇಲೆ ಒಸರುತ್ತದೆ. ಬತ್ತಿಗೂ ಅದು ಭಾರ. ಕಟ್ಟಿಕೊಂಡ ಬತ್ತಿಯ ಉರಿ ಕುಗ್ಗಿ, ಕೊಳ ಕಿರಿದಾಗಿ, ಕೊನೆಗೆ ಪರಿಮಳವೇ ಇಳಿಯಬಹುದು. ಉಪ್ಪಿನ ನ್ಯಾಯ ಇಲ್ಲಿ ತಲೆಕೆಳಗಾಗುತ್ತದೆ.

ಇನ್ನು ತೀರ್ಪು ಕೊಡುವ ಮೂಗು. ಒಂದೇ ವಾಸನೆಯಲ್ಲಿ ಕೆಲವು ನಿಮಿಷ ಕೂತರೆ ಮೂಗು ಅದನ್ನು ಲೆಕ್ಕಕ್ಕಿಡುವುದನ್ನು ನಿಲ್ಲಿಸುತ್ತದೆ. ಮಲ್ಲಿಗೆ ಮುಡಿದವಳಿಗಿಂತ ಅವಳ ಹಿಂದೆ ಬಸ್ಸಿನಲ್ಲಿ ನಿಂತವಳಿಗೆ ಘಮ ಹೆಚ್ಚು. ಮೇಣ ಕರಗಿಸಿ, ಲೋಟಕ್ಕೆ ತುಂಬಿ, ದಿನವೂ ಅದರ ನಡುವೆಯೇ ಓಡಾಡುವ ಹುಡುಗಿ ತನ್ನ ಕ್ಯಾಂಡಲ್ ಬಗ್ಗೆ ಹೇಳುವ ಸಾಕ್ಷಿಯನ್ನು ನಾನು ಪೂರ್ತಿ ನಂಬಲಾರೆ. ನೆಗಡಿಯಾದ ದಿನವಂತೂ ಆ ನ್ಯಾಯಾಲಯಕ್ಕೆ ರಜೆ.

ಎಣ್ಣೆಯ ತಪ್ಪು ಇರುವುದೇ ಇಲ್ಲ ಎಂದು ನಾನು ಹಟ ಹಿಡಿಯುವುದಿಲ್ಲ. ಸರಿಯಾಗಿ ಕದಡದೆ ಹುಯ್ದರೆ ಎಣ್ಣೆ ಒಂದೆಡೆ ಸೇರಿಕೊಳ್ಳಬಹುದು. ಆದರೆ ಅದರ ಗುರುತು ಬೇರೆ. ಒಂದೇ ಬಾರಿ ಹುಯ್ದ ನಾಲ್ಕು ಲೋಟಗಳನ್ನು ಒಂದೇ ರೀತಿ ಉರಿಸಿದಾಗ ಒಂದು ಮಂಕಾದರೆ, ಇಲ್ಲವೇ ಮೇಲ್ಭಾಗ ಸಪ್ಪೆಯಾಗಿದ್ದು ತಳ ಹತ್ತಿರವಾದಂತೆ ಘಾಟು ಏರುತ್ತಲೇ ಹೋದರೆ, ಆಗ ಬೆರೆಸುವ ಕೈಯನ್ನು ವಿಚಾರಿಸಬೇಕು. ಒಂದೇ ಲೋಟ ಇಂದು ಹೆಚ್ಚು, ನಾಳೆ ಕಮ್ಮಿ, ನಾಡಿದ್ದು ಮತ್ತೆ ಹೆಚ್ಚು ಎಂದು ಏರಿಳಿದರೆ ವಿಚಾರಿಸಬೇಕಾದ್ದು ಉರಿಸುವ ರೀತಿಯನ್ನು.

ಪರೀಕ್ಷೆಗೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಹಚ್ಚುವ ಮೊದಲು ಒಮ್ಮೆ, ಆರಿಸಿ ತಣಿದ ಮೇಲೆ ಒಮ್ಮೆ ತೂಗಿ, ಗಂಟೆಗೆ ಎಷ್ಟು ಗ್ರಾಂ ಖರ್ಚಾಯಿತೆಂದು ಬರೆದಿಡಬೇಕು. ಎರಡು ದಿನ ಸಮಸಮ ಹೊತ್ತು ಉರಿಸಿಯೂ ಒಂದು ದಿನ ಗ್ರಾಂ ಕಮ್ಮಿ ಬಂದರೆ ಬತ್ತಿಯನ್ನು ನೋಡಿ. ಕರಿಗಟ್ಟಿದ ತುದಿಯನ್ನು 6 ಮಿ.ಮೀ.ಗೆ ಕತ್ತರಿಸಿ, ಗಾಳಿ ಬಡಿಯದ ಕಡೆ ಇಡಿ. ಗ್ರಾಂ ಸಮನಾಗಿದ್ದು ಪರಿಮಳ ಮಾತ್ರ ಬೇರೆಯೆನಿಸಿದರೆ ಕೋಣೆ, ಕಿಟಕಿ, ಮೂಗುಗಳ ಕಡೆ ತಿರುಗಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ.

ಅವಳು ತಕ್ಕಡಿ ಒಯ್ದಳು. ಮರುವಾರ ನೋಟ್‌ಬುಕ್ ತಂದು ತೋರಿಸಿದಳು. ಗೆರೆ ಎಳೆದು ಮಾಡಿದ ಕಾಲಂಗಳು: ಎಷ್ಟು ಹೊತ್ತು, ಎಷ್ಟು ಗ್ರಾಂ, ಯಾವ ಕೋಣೆ, ಫ್ಯಾನ್ ಇತ್ತೇ, ಕೊಳದ ಅಗಲ. ಕೊನೆಯದಕ್ಕೆ ಕೊಟ್ಟ ಹೆಸರು 'ಯಾರ ಮೂಗು'. ಅದರ ಕೆಳಗೆ ಅಮ್ಮ, ಪಕ್ಕದ್ಮನೆ ಆಂಟಿ, ಹೂವಿನವರು ಎಂದೆಲ್ಲ ಬರೆದಿದ್ದಳು. ಎಣ್ಣೆಯ ಕಾಲಂ ಎಲ್ಲಿ ಎಂದೆ. "ಅದು ದಿನಾ ಒಂದೇ ಅಲ್ವಾ ದೊಡ್ಡಮ್ಮ, ಮೊದಲನೇ ಪುಟದಲ್ಲಿ ಒಂದ್ಸಲ ಬರೆದಿದ್ದೀನಿ" ಅಂದಳು.