ನಿಂತು ಒಪ್ಪಿಸುವ ಮಗ್ಗಿ

ಕಳೆದ ತಿಂಗಳವರೆಗೂ ನಮ್ಮ ಟೀಮಿನ ಸ್ಟ್ಯಾಂಡ್-ಅಪ್ ಅಂದ್ರೆ ಇಷ್ಟೇ: ಬೆಳಿಗ್ಗೆ ಹತ್ತಕ್ಕೆ ಒಂಬತ್ತು ಜನ ಸಾಲಾಗಿ ನಿಂತು, ಮ್ಯಾನೇಜರ್ ಮುಖ ನೋಡ್ಕೊಂಡು, 'ನಿನ್ನೆ ಇದು ಮಾಡಿದೆ, ಇವತ್ತು ಇದು ಮಾಡ್ತೀನಿ, ಅಡ್ಡಿ ಏನೂ ಇಲ್ಲ' ಅಂತ ಮಗ್ಗಿ ಒಪ್ಪಿಸೋದು. ಒಬ್ಬರು ಹೇಳುವಾಗ ಉಳಿದವರು ತಂತಮ್ಮ ಸಾಲು ಉರು ಹೊಡೀತಿರ್ತಾರೆ. (ನಾನೂ ಅಷ್ಟೇ!)

ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನಾಲ್ಕು ದಿನ 'ಅಡ್ಡಿ ಇಲ್ಲ' ಅಂದಳು. ಐದನೇ ದಿನ ಗೊತ್ತಾಯ್ತು, ಟೆಸ್ಟ್ ಡೇಟಾಬೇಸಿಗೆ ಅವಳಿಗೆ ಪರ್ಮಿಷನ್ನೇ ಇಲ್ಲ! ಕೊಡಿಸಬೇಕಾದವನು ನಾನು, ದಿನಾ ಅವಳ ಪಕ್ಕದಲ್ಲೇ ನಿಂತಿದ್ದೆ. ಯಾಕಮ್ಮಾ ಹೇಳ್ಲಿಲ್ಲ ಅಂದ್ರೆ, "ಮ್ಯಾನೇಜರ್ ಎದುರಿಗೆ ಕೆಲಸ ಆಗಿಲ್ಲ ಅಂತ ಹೇಗೆ ಹೇಳೋದು?"

ಸ್ಟ್ಯಾಂಡ್-ಅಪ್ಪೇ ದಂಡ ಅಂತ ಬೈಯೋರಿದ್ದಾರೆ. ನಾನು ಒಪ್ಪಲ್ಲ. ಯಾರ ಕಡೆ ಮುಖ ಮಾಡಿ ಮಾತಾಡ್ತೀವಿ ಅನ್ನೋದರಲ್ಲಿದೆ ತಪ್ಪು. ಸ್ಕ್ರಮ್ ಗೈಡ್ ತೆಗೆದು ನೋಡಿ: ಈ 15 ನಿಮಿಷ ಇರೋದು ಡೆವಲಪರ್‌ಗಳಿಗೆ, ಸ್ಪ್ರಿಂಟಿನ ಗುರಿ ಮುಟ್ತೀವಾ ಅಂತ ನೋಡಿ ಮುಂದಿನ ಕೆಲಸ ಹೊಂದಿಸಿಕೊಳ್ಳೋಕೆ. ನಾವು ಜಪ ಮಾಡೋ ಆ ಮೂರು ಪ್ರಶ್ನೆಗಳನ್ನ 2020ರ ಆವೃತ್ತಿಯಲ್ಲೇ ಕೈಬಿಟ್ಟಿದ್ದಾರೆ!

ಧೈರ್ಯ ಮಾಡಿ ಮ್ಯಾನೇಜರಿಗೇ ತೋರಿಸಿದೆ. ಈಗ ಅವರು ಬರಲ್ಲ. ವರದಿ ಬೇಕಿದ್ರೆ ಜಿರಾದಲ್ಲಿದೆಯಲ್ಲ. (ಮೊದಲ ವಾರ ಮುನಿಸಿಕೊಂಡಿದ್ರು, ಪಾಪ.) ನಾವು ಬೋರ್ಡಿನ ಬಲತುದಿಯಿಂದ, ಅಂದ್ರೆ ಮುಗಿಯೋಕೆ ಹತ್ತಿರ ಇರೋ ಕೆಲಸದಿಂದ ಶುರು ಮಾಡ್ತೀವಿ. ಇದು ಯಾಕೆ ನಿಂತಿದೆ? ಯಾರು ಕೈ ಜೋಡಿಸ್ತೀರಿ? ಅಷ್ಟೇ.

ಮೊನ್ನೆ ಆ ಹುಡುಗಿಯೇ ನನ್ನ ಕಾರ್ಡಿಗೆ ಬೆರಳಿಟ್ಟು ಕೇಳಿದಳು, "ಇದ್ಯಾಕೆ ಮೂರು ದಿನದಿಂದ ಇಲ್ಲೇ ಇದೆ?" :-)