ಚಿಪ್ ಕಂಪನಿಗಳಿಗೂ ಅಭಿಮಾನಿ ಸಂಘ ಬೇಕೆ?

ಸಿನಿಮಾ ನಟರ ಅಭಿಮಾನಿ ಸಂಘಗಳು ನಮಗೆ ಹೊಸದಲ್ಲ. ಕಟೌಟ್ ನಿಲ್ಲಿಸುವುದು, ಹಾಲಿನ ಅಭಿಷೇಕ ಮಾಡುವುದು, ಎದುರು ಪಾಳಯದವರ ಮೇಲೆ ಜಾಲತಾಣದಲ್ಲಿ ಮುಗಿಬೀಳುವುದು ಎಲ್ಲವನ್ನೂ ಕಂಡಿದ್ದೇವೆ. ಎಂಜಿನಿಯರಿಂಗ್ ಹಾಸ್ಟೆಲ್‌ಗಳಲ್ಲಿ ಇನ್ನೊಂದು ಬಗೆಯ ಅಭಿಮಾನಿಗಳಿದ್ದಾರೆ. ಇವರ ಹೀರೊಗಳ ಹೆಸರು ಇಂಟೆಲ್, ಎಎಂಡಿ, ಎನ್‌ವಿಡಿಯಾ. ಹೊಸ ಲ್ಯಾಪ್‌ಟಾಪ್ ಕೊಳ್ಳಲು ಹೊರಟವರು ಕ್ಲಾಸಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಯಾವ ಪ್ರೊಸೆಸರ್ ಒಳ್ಳೇದು?’ ಎಂದು ಕೇಳಿದರೆ ಸಾಕು, ರಾತ್ರಿ ಎರಡರವರೆಗೆ ಯುದ್ಧ. ಒಂದು ಕಂಪನಿಯ ಷೇರು ಏರಿದರೆ ದುಡ್ಡು ತಮ್ಮ ಜೇಬಿಗೇ ಬಂತೆಂಬಷ್ಟು ಸಂಭ್ರಮ. ಇನ್ನೊಂದು ಕಂಪನಿ ಜನರನ್ನು ಕೆಲಸದಿಂದ ತೆಗೆದರೆ ಅದಕ್ಕೂ ನಗುವ ಮೀಮು. ಮುಂದಿನ ವರ್ಷ ಕ್ಯಾಂಪಸ್ ಸಂದರ್ಶನಕ್ಕೆ ಅದೇ ಕಂಪನಿ ಬಂದರೆ ಇವರೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೊದಲ ಸಾಲಿನಲ್ಲಿ ಕೂರುತ್ತಾರೆ!

ಬಿ.ಇ. ಓದುತ್ತಿರುವ ನನಗೆ ಈ ಜಗಳಗಳನ್ನು ನೋಡಿ ನೋಡಿ ಒಂದು ಅಭಿಪ್ರಾಯ ಗಟ್ಟಿಯಾಗಿದೆ. ಕಂಪನಿಗಳ ಪೈಪೋಟಿ ನಮಗೆ ಬೇಕೇ ಬೇಕು. ಆದರೆ ಯಾವ ಕಂಪನಿಯ ಅಭಿಮಾನವೂ ಬೇಡ. ಲ್ಯಾಪ್‌ಟಾಪ್ ಕೊಳ್ಳುವಾಗಲೂ ಬೇಡ, ಕೆಲಸ ಹುಡುಕುವಾಗಲಂತೂ ಖಂಡಿತ ಬೇಡ. ಏಕೆಂದರೆ, ಈ ಜಗಳದ ಇತಿಹಾಸವನ್ನೇ ಸ್ವಲ್ಪ ನೋಡಿ.

ಇಂಟೆಲ್ ಹುಟ್ಟಿದ್ದು 1968ರಲ್ಲಿ, ಎಎಂಡಿ 1969ರಲ್ಲಿ. ಎರಡನ್ನೂ ಕಟ್ಟಿದವರು ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಎಂಬ ಒಂದೇ ಕಂಪನಿಯಿಂದ ಹೊರಬಿದ್ದವರು. 1981ರಲ್ಲಿ ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರಿಗೆ ಇಂಟೆಲ್‌ನ 8088 ಚಿಪ್ ಆರಿಸಿಕೊಂಡಿತು. ನಾವು ಲ್ಯಾಬಿನಲ್ಲಿ ಒದ್ದಾಡುವ 8086ರ ತಮ್ಮ ಅದು. ಒಬ್ಬರೇ ಮಾರಾಟಗಾರರನ್ನು ನಂಬಿ ಕೂರುವುದು ಐಬಿಎಂಗೆ ಇಷ್ಟವಿರಲಿಲ್ಲ. ಅದೇ ಚಿಪ್ಪನ್ನು ತಯಾರಿಸಿಕೊಡುವ ಎರಡನೆಯವರೂ ಇರಬೇಕೆಂದಿತು. ಹಾಗಾಗಿ 1982ರಲ್ಲಿ ಇಂಟೆಲ್ ಮತ್ತು ಎಎಂಡಿ ಒಪ್ಪಂದ ಮಾಡಿಕೊಂಡವು. ಅಂದರೆ, ಇಂದು ನಾವು ಹಾವು ಮುಂಗುಸಿ ಎಂದು ತಿಳಿದಿರುವ ಈ ಜೋಡಿಯನ್ನು ಒಂದುಗೂಡಿಸಿದ್ದು ಒಬ್ಬ ಬುದ್ಧಿವಂತ ಗಿರಾಕಿ. ಊರಲ್ಲಿ ಒಂದೇ ಅಂಗಡಿ ಇದ್ದರೆ ಅಂಗಡಿಯವನು ಹೇಳಿದ್ದೇ ದರ ಎಂಬುದು ಐಬಿಎಂಗೆ ಗೊತ್ತಿತ್ತು.

ಮದುವೆ ಬಹಳ ದಿನ ನಡೆಯಲಿಲ್ಲ. 1985ರಲ್ಲಿ 386 ಚಿಪ್ ಬಂದಾಗ ಇಂಟೆಲ್ ಅದರ ವಿವರ ಕೊಡಲು ಒಪ್ಪಲಿಲ್ಲ. ಮಧ್ಯಸ್ಥಿಕೆ, ಕೋರ್ಟು, ಮೇಲ್ಮನವಿ ಎಂದು ವರ್ಷಗಟ್ಟಲೆ ಎಳೆದಾಡಿ 1995ರಲ್ಲಿ ರಾಜಿಯಾಯಿತು. ಅಷ್ಟರಲ್ಲಿ, 1991ರಲ್ಲೇ ಎಎಂಡಿ ತನ್ನದೇ 386 ಮಾಡಿ ಮಾರುಕಟ್ಟೆಗೆ ಬಿಟ್ಟಿತ್ತು.

ಇದರ ನಂತರದ ಕಥೆ ಇನ್ನೂ ಸ್ವಾರಸ್ಯದ್ದು. 32 ಬಿಟ್‌ನಿಂದ 64 ಬಿಟ್‌ಗೆ ಹೋಗುವ ಕಾಲ ಬಂದಾಗ ಇಂಟೆಲ್, ಹಳೆಯದನ್ನೆಲ್ಲ ಬದಿಗಿಟ್ಟು 2001ರಲ್ಲಿ ಇಟಾನಿಯಂ ಎಂಬ ಬೇರೆಯೇ ವಿನ್ಯಾಸ ತಂದಿತು. ಹಳೆಯ ಸಾಫ್ಟ್‌ವೇರ್ ಅದರ ಮೇಲೆ ಕುಂಟುತ್ತಾ ಓಡುತ್ತಿತ್ತು. ಎಎಂಡಿ 2003ರಲ್ಲಿ ಹಳೆಯ ವಿನ್ಯಾಸವನ್ನೇ 64 ಬಿಟ್‌ಗೆ ಹಿಗ್ಗಿಸಿತು. ಹಳೆಯ ಪ್ರೋಗ್ರಾಮೂ ನಡೆಯುತ್ತಿತ್ತು, ಹೊಸದೂ ನಡೆಯುತ್ತಿತ್ತು. ಮರುವರ್ಷ ಇಂಟೆಲ್ಲೇ ಆ ದಾರಿಗೆ ಬಂತು. ಇಂದು ಉಬುಂಟು ಡೌನ್‌ಲೋಡ್ ಮಾಡುವಾಗ ಕಡತದ ಹೆಸರು ಗಮನಿಸಿ. ನಿಮ್ಮದು ಇಂಟೆಲ್ ಲ್ಯಾಪ್‌ಟಾಪ್ ಆಗಿದ್ದರೂ ಅದರಲ್ಲಿ ‘ಎಎಂಡಿ64’ ಎಂದೇ ಇರುತ್ತದೆ. ಇಂಟೆಲ್ ಅಭಿಮಾನಿಯ ಯಂತ್ರದೊಳಗೆ ಎಎಂಡಿ ಯೋಚಿಸಿದ ವಿನ್ಯಾಸ ಕೂತಿದೆ. ಎಎಂಡಿ ಅಭಿಮಾನಿಯ ಯಂತ್ರ ಇಂಟೆಲ್ 1978ರಲ್ಲಿ ಹಾಕಿದ ಅಡಿಪಾಯದ ಮೇಲೆ ನಿಂತಿದೆ. ಹಾಗಿದ್ದ ಮೇಲೆ ಜಗಳ ಯಾವುದಕ್ಕೆ?

ಪೈಪೋಟಿ ಸೊರಗಿದರೆ ಏನಾಗುತ್ತದೆ ಎಂಬುದಕ್ಕೂ ಇಲ್ಲೇ ಉದಾಹರಣೆಯಿದೆ. 2007ರಲ್ಲಿ ಜನಪ್ರಿಯವಾದ ಇಂಟೆಲ್‌ನ ಕೋರ್ 2 ಕ್ವಾಡ್ ಪ್ರೊಸೆಸರ್‌ನಲ್ಲಿ 4 ಕೋರ್‌ಗಳಿದ್ದವು. ಹತ್ತು ವರ್ಷ ಬಿಟ್ಟು 2017ರ ಜನವರಿಯಲ್ಲಿ ಬಂದ ಐ7-7700ಕೆ ತೆಗೆದು ನೋಡಿ, ಅದರಲ್ಲೂ 4 ಕೋರ್. ಒಂದೊಂದು ಕೋರ್‌ನ ವೇಗ ಹೆಚ್ಚಿತ್ತು, ವಿದ್ಯುತ್ ಉಳಿತಾಯವಾಗುತ್ತಿತ್ತು, ನಿಜ. ಆದರೆ ಸಾಮಾನ್ಯರು ಕೊಳ್ಳುವ ಡೆಸ್ಕ್‌ಟಾಪ್ ಸಾಲಿನಲ್ಲಿ ಕೋರ್‌ಗಳ ಸಂಖ್ಯೆ ನಾಲ್ಕಕ್ಕೇ ನಿಂತಿತ್ತು. ಎಂಟು ಕೋರ್ ಬೇಕೆಂದರೆ 1,000 ಡಾಲರ್‌ಗೂ ಹೆಚ್ಚು ತೆರಬೇಕಿತ್ತು. ಕಾರಣ ಸ್ಪಷ್ಟ. 2011ರಲ್ಲಿ ಎಎಂಡಿ ತಂದ ಬುಲ್ಡೋಜರ್ ವಿನ್ಯಾಸ ಸೋತಿತ್ತು, 2015ರ ಹೊತ್ತಿಗೆ ಆ ಕಂಪನಿಯ ಷೇರು 2 ಡಾಲರ್‌ಗಿಂತ ಕೆಳಗಿತ್ತು. ಬೆನ್ನಟ್ಟುವವರಿಲ್ಲದ ಓಟಗಾರ ನಡೆಯತೊಡಗಿದ್ದ.

2014ರಲ್ಲಿ ಎಎಂಡಿಯ ಚುಕ್ಕಾಣಿ ಹಿಡಿದ ಲೀಸಾ ಸು ಅವರ ತಂಡ 2017ರ ಮಾರ್ಚ್‌ನಲ್ಲಿ ರೈಜೆನ್ ತಂದಿತು. 8 ಕೋರ್, ಬೆಲೆ 499 ಡಾಲರ್. ಅದೇ ಅಕ್ಟೋಬರ್‌ನಲ್ಲಿ ಇಂಟೆಲ್‌ನ ಐ7 ಆರು ಕೋರ್‌ಗೆ ಏರಿತು. ಮುಂದಿನ ವರ್ಷದ ಐ9ರಲ್ಲಿ ಎಂಟು. ಹತ್ತು ವರ್ಷ ಆಗದ್ದು ಎರಡೇ ವರ್ಷಕ್ಕೆ ಆಯಿತು! ಆವತ್ತು ಗೆದ್ದದ್ದು ಎಎಂಡಿ ಅಭಿಮಾನಿಗಳಷ್ಟೇ ಅಲ್ಲ, ಇಂಟೆಲ್ ಕೊಂಡವರಿಗೂ ಹೆಚ್ಚು ಕೋರ್ ಸಿಕ್ಕಿತು. ನಾವು ಹಾರೈಸಬೇಕಾದದ್ದು ಒಂದು ತಂಡದ ಗೆಲುವನ್ನಲ್ಲ, ಪಂದ್ಯ ನಿಲ್ಲದಿರಲಿ ಎಂದು.

ಇನ್ನು, ಪಂದ್ಯ ಯಾವಾಗಲೂ ನೇರವಾಗಿ ನಡೆಯುತ್ತದೆ ಎಂದುಕೊಳ್ಳಬೇಡಿ. ಇಂಟೆಲ್ ವಿರುದ್ಧ ಎಎಂಡಿ ಹೂಡಿದ್ದ ಮೊಕದ್ದಮೆ 2009ರಲ್ಲಿ 125 ಕೋಟಿ ಡಾಲರ್ ಪರಿಹಾರದೊಂದಿಗೆ ರಾಜಿಯಾಯಿತು. ಅದೇ ವರ್ಷ ಐರೋಪ್ಯ ಆಯೋಗ ಇಂಟೆಲ್‌ಗೆ 106 ಕೋಟಿ ಯೂರೊ ದಂಡ ಹಾಕಿತು. ಆ ದಂಡವನ್ನು 2022ರಲ್ಲಿ ನ್ಯಾಯಾಲಯ ರದ್ದು ಮಾಡಿತಾದರೂ, ಎಎಂಡಿ ಚಿಪ್ ಇರುವ ಉತ್ಪನ್ನಗಳನ್ನು ತಡೆಯಲು ಅಥವಾ ತಡಮಾಡಲು ಕಂಪ್ಯೂಟರ್ ತಯಾರಕರಿಗೆ ಹಣ ಕೊಟ್ಟರೆಂಬ ಭಾಗಕ್ಕೆ 2023ರಲ್ಲಿ ಆಯೋಗ ಮತ್ತೆ ಸುಮಾರು 37.6 ಕೋಟಿ ಯೂರೊ ದಂಡ ವಿಧಿಸಿತು. ಒಳ್ಳೆಯ ಚಿಪ್ ಮಾಡುವುದು ಗೆಲ್ಲುವ ಒಂದು ದಾರಿ. ಎದುರಾಳಿಯ ಚಿಪ್ ಅಂಗಡಿಗೇ ಬರದಂತೆ ನೋಡಿಕೊಳ್ಳುವುದು ಇನ್ನೊಂದು.

ಉದ್ಯೋಗ ಹುಡುಕುವ ನಾವೆಲ್ಲ ಓದಲೇಬೇಕಾದ ಪ್ರಕರಣ ಬೇರೊಂದಿದೆ. 2010ರಲ್ಲಿ ಅಮೆರಿಕದ ನ್ಯಾಯ ಇಲಾಖೆ ಆ್ಯಪಲ್, ಗೂಗಲ್, ಇಂಟೆಲ್, ಅಡೋಬಿ, ಇಂಟ್ಯೂಟ್ ಮತ್ತು ಪಿಕ್ಸರ್ ಕಂಪನಿಗಳ ಮೇಲೆ ದೂರು ಹೂಡಿತು. ‘ನಿಮ್ಮ ಎಂಜಿನಿಯರ್‌ಗಳಿಗೆ ನಾವು ಕರೆ ಮಾಡಿ ಕೆಲಸಕ್ಕೆ ಕರೆಯುವುದಿಲ್ಲ, ನಮ್ಮವರನ್ನು ನೀವು ಕರೆಯಬೇಡಿ’ ಎಂದು ಇವು ಒಳಗೊಳಗೇ ಮಾತಾಡಿಕೊಂಡಿದ್ದವು ಎಂಬುದು ದೂರು. ಆ ಹೊತ್ತಿಗೆ ಆ್ಯಪಲ್‌ನ ಐಫೋನ್‌ಗೂ ಗೂಗಲ್‌ನ ಆಂಡ್ರಾಯ್ಡ್‌ಗೂ ಜಗತ್ತೇ ನೋಡುವಂಥ ಕದನ ನಡೆದಿತ್ತು. ಕಂಪನಿಗಳು ಇಲಾಖೆಯೊಂದಿಗೆ ರಾಜಿ ಮಾಡಿಕೊಂಡು, ಇಂಥ ಒಪ್ಪಂದ ಮಾಡುವುದಿಲ್ಲ ಎಂದು ಒಪ್ಪಿದವು. ಸುಮಾರು 64,000 ಉದ್ಯೋಗಿಗಳ ಪರವಾಗಿ ನಡೆದ ಇನ್ನೊಂದು ಮೊಕದ್ದಮೆಯಲ್ಲಿ ಆ್ಯಪಲ್, ಗೂಗಲ್, ಇಂಟೆಲ್ ಮತ್ತು ಅಡೋಬಿ 41.5 ಕೋಟಿ ಡಾಲರ್ ಕೊಡಲು ಒಪ್ಪಿದ್ದು 2015ರಲ್ಲಿ ಇತ್ಯರ್ಥವಾಯಿತು. ಯೋಚಿಸಿ, ಗೆಳೆಯರೇ. ಇನ್ನೊಂದು ಕಂಪನಿಯಿಂದ ಬರುವ ಒಂದು ಫೋನ್ ಕರೆ ಎಂದರೆ ಎಂಜಿನಿಯರ್‌ಗೆ ಸಂಬಳ ಹೆಚ್ಚಿಸಿ ಎಂದು ಕೇಳುವ ಬಲ. ಗಿರಾಕಿಯ ಮುಂದೆ ಗುದ್ದಾಡುವವರು ಸಂಬಳದ ವಿಷಯ ಬಂದಾಗ ಗೆಳೆಯರಾಗಬಲ್ಲರು. ನಾವು ಮಾತ್ರ ಅವರ ಪರವಾಗಿ ಬಾಯಿ ಒಣಗಿಸಿಕೊಳ್ಳುತ್ತಿದ್ದೇವೆ.

ಈಗಿನ ಪರಿಸ್ಥಿತಿ ನೋಡಿದರೆ ಶತ್ರು ಯಾರು, ಮಿತ್ರ ಯಾರು ಎಂದು ಹೇಳುವುದೇ ಕಷ್ಟ. ಎಎಂಡಿ ಮತ್ತು ಎನ್‌ವಿಡಿಯಾ ಗ್ರಾಫಿಕ್ಸ್ ಚಿಪ್ಪಿನಲ್ಲಿ ಎದುರಾಳಿಗಳು. ಆದರೆ ಇಬ್ಬರ ಮುಖ್ಯ ಚಿಪ್‌ಗಳನ್ನೂ ಅಚ್ಚು ಹಾಕಿಕೊಡುವುದು ತೈವಾನಿನ ಟಿಎಸ್‌ಎಂಸಿ. ಲೀಸಾ ಸು ಮತ್ತು ಎನ್‌ವಿಡಿಯಾದ ಜೆನ್ಸನ್ ಹುವಾಂಗ್ ದೂರದ ಸಂಬಂಧಿಗಳು ಕೂಡ. ಒಂದು ಕಾಲಕ್ಕೆ ಚಿಪ್ ಲೋಕದ ದೊರೆಯಾಗಿದ್ದ ಇಂಟೆಲ್ 2024ರ ಆಗಸ್ಟ್‌ನಲ್ಲಿ 15,000ಕ್ಕೂ ಹೆಚ್ಚು ಹುದ್ದೆ ಕಡಿತ ಪ್ರಕಟಿಸಿತು. 2025ರ ಆಗಸ್ಟ್‌ನಲ್ಲಿ ಅಮೆರಿಕ ಸರ್ಕಾರವೇ ಅದರ ಸುಮಾರು ಶೇ 10ರಷ್ಟು ಪಾಲು ಪಡೆಯುವುದಾಗಿ ಪ್ರಕಟಿಸಿತು. ಮರುತಿಂಗಳು 500 ಕೋಟಿ ಡಾಲರ್ ಹೂಡುವುದಾಗಿ ಹೇಳಿದ್ದು ಯಾರು ಗೊತ್ತೇ? ಎನ್‌ವಿಡಿಯಾ! ಇಂಟೆಲ್ ಮುಳುಗಿತೆಂದು ಮೀಮು ಹಾಕಿದ ಎನ್‌ವಿಡಿಯಾ ಅಭಿಮಾನಿಗಳು ಅವತ್ತು ಏನು ಮಾಡಬೇಕಿತ್ತು?

ನಮ್ಮ ಬೆಂಗಳೂರಿಗೂ ಈ ಪೈಪೋಟಿಗೂ ಹಳೆಯ ನಂಟಿದೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ಕೇಂದ್ರ ತೆರೆದಾಗಿನಿಂದ ಚಿಪ್ ವಿನ್ಯಾಸದ ಕೆಲಸ ಇಲ್ಲಿ ಬೆಳೆಯುತ್ತಾ ಬಂದಿದೆ. 2008ರಲ್ಲಿ ಇಂಟೆಲ್ ಬಿಡುಗಡೆ ಮಾಡಿದ ಆರು ಕೋರ್‌ನ ಜಿಯಾನ್ 7400 ಸರ್ವರ್ ಪ್ರೊಸೆಸರ್ ವಿನ್ಯಾಸಗೊಂಡದ್ದು ಬೆಂಗಳೂರಿನಲ್ಲಿ. 2023ರ ನವೆಂಬರ್‌ನಲ್ಲಿ ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು ತೆರೆದದ್ದೂ ಇಲ್ಲೇ. ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಕಂಪನಿ ಬದಲಿಸುವುದು ಎಂಜಿನಿಯರ್‌ಗಳಿಗೆ ಮಾಮೂಲು. ಜಿಮ್ ಕೆಲ್ಲರ್ ಎಂಬ ಹೆಸರಾಂತ ಚಿಪ್ ವಿನ್ಯಾಸಕ ಎಎಂಡಿ, ಆ್ಯಪಲ್, ಟೆಸ್ಲಾ, ಇಂಟೆಲ್ ಎಲ್ಲ ಕಡೆಯೂ ದುಡಿದವರು. ಅವರು ಎಲ್ಲೆಡೆ ಸಲ್ಲಲು ಕಾರಣ ಬ್ರ್ಯಾಂಡ್ ನಿಷ್ಠೆಯಲ್ಲ, ಕಂಪ್ಯೂಟರ್ ವಿನ್ಯಾಸದ ತಿಳಿವು.

ಅದಕ್ಕೇ ನನಗೆ ಕಳವಳವಾಗುವುದು ನಮ್ಮ ಕಲಿಕೆಯ ಬಗ್ಗೆ. ಎನ್‌ವಿಡಿಯಾದ ಚಿಪ್‌ಗಳು ಇಂದು ಕೃತಕ ಬುದ್ಧಿಮತ್ತೆಯ ಎಂಜಿನ್‌ಗಳಾಗಿವೆ. ಅದರ ಬಲದಲ್ಲಿ ದೊಡ್ಡ ಪಾಲು ಚಿಪ್ಪಿನದಲ್ಲ, 2007ರಿಂದ ಕಟ್ಟುತ್ತಾ ಬಂದ ‘ಕುಡಾ’ ಎಂಬ ಸಾಫ್ಟ್‌ವೇರ್‌ನದು. ಇದು ನಡೆಯುವುದು ಆ ಕಂಪನಿಯ ಚಿಪ್ಪಿನ ಮೇಲೆ. ಒಮ್ಮೆ ಅದರಲ್ಲಿ ಪ್ರೋಗ್ರಾಂ ಬರೆದವರು ಬೇರೆಡೆಗೆ ಹೋಗಬೇಕೆಂದರೆ ಮತ್ತೆ ಬೆವರು ಹರಿಸಬೇಕು. ಕುಡಾ ಕಲಿಯಬೇಡಿ ಎನ್ನುತ್ತಿಲ್ಲ. ಅದು ಕೆಲಸ ಕೊಡುತ್ತದೆ, ಕಲಿಯಿರಿ. ಆದರೆ ಸಾವಿರಾರು ಲೆಕ್ಕಗಳನ್ನು ಒಟ್ಟಿಗೆ ಮಾಡುವುದು ಹೇಗೆ, ಮೆಮೊರಿಯಿಂದ ದತ್ತಾಂಶ ತರುವುದಕ್ಕೇ ಸಮಯ ಏಕೆ ಹಿಡಿಯುತ್ತದೆ ಎಂಬುದನ್ನು ಬಿಟ್ಟು ಬರೀ ಆಜ್ಞೆಗಳನ್ನು ಬಾಯಿಪಾಠ ಮಾಡಿದರೆ, ಆ ಉತ್ಪನ್ನ ಹೋದ ದಿನ ನಾವೂ ಹೋಗುತ್ತೇವೆ. ಒಂದು ಕಾಲಕ್ಕೆ ಇಟಾನಿಯಂ ಕೂಡ ಭವಿಷ್ಯದ ಚಿಪ್ ಎನಿಸಿಕೊಂಡಿತ್ತಲ್ಲವೇ?

ಯಾರ ಜೇಬಿಗೂ ಸೇರದ ದಾರಿಯೂ ಒಂದಿದೆ. 2010ರಲ್ಲಿ ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಶುರುವಾದ ರಿಸ್ಕ್-ಫೈವ್. ಪ್ರೊಸೆಸರ್‌ಗೆ ಅರ್ಥವಾಗುವ ಆದೇಶಗಳ ಈ ಪಟ್ಟಿಯನ್ನು ಯಾರು ಬೇಕಾದರೂ ಲೈಸೆನ್ಸ್ ಶುಲ್ಕವಿಲ್ಲದೆ ಬಳಸಬಹುದು. ಐಐಟಿ ಮದ್ರಾಸ್‌ನ ‘ಶಕ್ತಿ’ ಪ್ರೊಸೆಸರ್‌ಗಳು ಇದರ ಮೇಲೆಯೇ ನಿಂತಿವೆ. ಹಾಗೆಂದು ಇಲ್ಲೂ ಎದೆ ತಟ್ಟಿಕೊಂಡು ಇನ್ನೊಂದು ಅಭಿಮಾನಿ ಸಂಘ ಕಟ್ಟುವುದು ಬೇಡ. ಶಕ್ತಿಯ ಒಂದು ಚಿಪ್ 2018ರಲ್ಲಿ ತಯಾರಾದದ್ದು ಇಂಟೆಲ್‌ನ 22 ನ್ಯಾನೊಮೀಟರ್ ಕಾರ್ಖಾನೆಯಲ್ಲಿ. ದೇಶದೊಳಗೆ ಮೊಹಾಲಿಯ ಸೆಮಿಕಂಡಕ್ಟರ್ ಲ್ಯಾಬೊರೇಟರಿಯಲ್ಲಿ ಮಾಡಿದ್ದು 180 ನ್ಯಾನೊಮೀಟರ್‌ನದು, ಅಂದರೆ ಬಹಳ ಹಿಂದಿನ ತಲೆಮಾರಿನ ತಂತ್ರಜ್ಞಾನ. ವಿನ್ಯಾಸ ಮುಕ್ತವಾದ ಮಾತ್ರಕ್ಕೆ ಕಾರ್ಖಾನೆ ಎದ್ದು ನಿಲ್ಲುವುದಿಲ್ಲ. ಆದರೂ ವಿದ್ಯಾರ್ಥಿಗಳಿಗೆ ಇದೊಂದು ಅವಕಾಶ. ಇಂಟೆಲ್ ಅಥವಾ ಎಎಂಡಿಯ ಪ್ರೊಸೆಸರ್ ಒಳಗನ್ನು ನಮಗೆ ಯಾರೂ ತೆರೆದು ತೋರಿಸುವುದಿಲ್ಲ. ಶಕ್ತಿಯ ವಿನ್ಯಾಸವನ್ನಾದರೆ ಡೌನ್‌ಲೋಡ್ ಮಾಡಿ, ಬಿಚ್ಚಿ, ಓದಿ, ಎಫ್‌ಪಿಜಿಎ ಬೋರ್ಡ್ ಮೇಲೆ ಓಡಿಸಿ ನೋಡಬಹುದು. ಕೊನೆಯ ವರ್ಷದ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ಕೊಳ್ಳುವ ಬದಲು ಇದರಲ್ಲಿ ಒಂದು ಸಣ್ಣ ಭಾಗವನ್ನು ನಾವೇ ಬದಲಿಸಿ ನೋಡಿದರೆ, ಸಂದರ್ಶನದಲ್ಲಿ ಹೇಳಿಕೊಳ್ಳಲು ನಮ್ಮದೇ ಒಂದು ಮಾತಿರುತ್ತದೆ.

ಲ್ಯಾಪ್‌ಟಾಪ್ ಕೊಳ್ಳುವಾಗ ಸ್ಟಿಕರ್ ನೋಡಬೇಡಿ. ನಿಮ್ಮ ಕೆಲಸಕ್ಕೆ, ನಿಮ್ಮ ದುಡ್ಡಿಗೆ ಆ ದಿನ ಯಾವುದು ಒಳ್ಳೆಯದೋ ಅದನ್ನು ಕೊಳ್ಳಿ. ಮುಂದಿನ ಸಲ ಬೇರೆಯದು ಚೆನ್ನಾಗಿದ್ದರೆ ಮುಲಾಜಿಲ್ಲದೆ ಅತ್ತ ಹೋಗಿ. ಪೈಪೋಟಿಯನ್ನು ಜೀವಂತವಾಗಿಡುವುದು ಇಂಥ ಗಿರಾಕಿಗಳೇ. ಕೆಲಸಕ್ಕೆ ಸೇರಿದ ಮೇಲೂ ಇದೇ ಮಾತು. ಸಂಬಳ ಕೊಡುವ ಕಂಪನಿಗೆ ಪ್ರಾಮಾಣಿಕವಾಗಿ ದುಡಿಯೋಣ, ಅದು ನಮ್ಮ ಧರ್ಮ. ಆದರೆ ಹುದ್ದೆ ಕಡಿತದ ಪಟ್ಟಿ ತಯಾರಾಗುವಾಗ ಕಾಲೇಜಿನಲ್ಲಿ ಯಾರು ಯಾರ ಪರ ವಾದಿಸಿದ್ದರು ಎಂದು ಯಾವ ಕಂಪನಿಯೂ ಕೇಳುವುದಿಲ್ಲ. ಆ ದಿನ ಕೈ ಹಿಡಿಯುವುದು ಕಲಿತ ವಿದ್ಯೆ. ಜೊತೆಗೆ, ಬೀದಿಯ ಆಚೆ ಬದಿಯಲ್ಲಿ ಬಾಗಿಲು ತೆರೆದಿಟ್ಟುಕೊಂಡ ಎರಡನೆಯ ಕಂಪನಿ.